ಮಣ್ಣಿನ ಇಟ್ಟಿಗೆಯ ಮನೆ: ಶೋಕಿಯೋ, ಅಗತ್ಯವೋ?

ತುಮಕೂರಿನಲ್ಲಿ 30×40 ನಿವೇಶನವಿದೆ, ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಎಲ್ಲರೂ ಪರಿಸರಸ್ನೇಹಿ ಮನೆ, ಮಣ್ಣಿನ ಇಟ್ಟಿಗೆ ಎನ್ನುತ್ತಿದ್ದಾರೆ, ಇದು ಉಳ್ಳವರ ಶೋಕಿಯೋ ಅಥವಾ ನನ್ನಂಥವರಿಗೂ ಬೇಕಾದದ್ದೋ ಎಂದು ಕೇಳಿದ್ದೀರಿ.

ಹದಿನೆಂಟು ವರ್ಷಗಳಿಂದ ಮನೆ ಕಟ್ಟಿಸಿಕೊಡುವುದೇ ನನ್ನ ಕಸುಬು. ಮೊದಲೆಲ್ಲ ಈ ಸುಡದ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ ಕೇಳಿಕೊಂಡು ಬರುತ್ತಿದ್ದವರಿಗೆ ಬೇಕಾಗಿದ್ದದ್ದು ಗಿಲಾವು ಇಲ್ಲದ ಕೆಂಪು ಗೋಡೆಯ ಚೆಂದ. ಅದು ಶೋಕಿಯೇ, ತಪ್ಪೇನೂ ಇಲ್ಲ. 2024ರ ಬೇಸಿಗೆಯ ನಂತರ ಬರುವವರು ಬೇರೆ. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶವೇ 38 ಡಿಗ್ರಿ ದಾಟಿತ್ತು. ಅದಕ್ಕೆ ಮೊದಲೇ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್ ಕಾಯುತ್ತಿದ್ದರು. ಈಗ ಬರುವವರ ಬಾಯಲ್ಲಿ ಪರಿಸರದ ಮಾತಿಲ್ಲ. ನಿವೃತ್ತ ಮೇಷ್ಟರೊಬ್ಬರು ಬಂದವರೇ, "ಫ್ಯಾನ್ ಹಾಕಿದರೆ ಒಲೆ ಊದಿದ ಹಾಗಾಗುತ್ತದಪ್ಪ, ರಾತ್ರಿ ನಿದ್ದೆ ಬರುವಂಥ ಮನೆ ಮಾಡಿಕೊಡು" ಎಂದರು. ಬೇಡಿಕೆ ಹುಟ್ಟಿರುವುದು ಅಲ್ಲಿಂದ.

ಆದ್ದರಿಂದ ಗೋಡೆಯ ಮಾತಿಗೆ ಮೊದಲು ತಲೆಯೆತ್ತಿ ನೋಡಿ. ಒಂದೇ ಅಂತಸ್ತಿನ ಮನೆಯಲ್ಲಿ ಬಿಸಿಲು ಹೆಚ್ಚಾಗಿ ಒಳಗಿಳಿಯುವುದು ತಾರಸಿಯಿಂದ. ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಸ್ಟೂಲು ಹತ್ತಿ ಈಗಿರುವ ಮನೆಯ ಸೂರಿಗೆ ಅಂಗೈ ಒತ್ತಿ. ದೋಸೆ ಹುಯ್ದು ಇಳಿಸಿದ ಕಾವಲಿಯ ಹಾಗೆ ಇನ್ನೂ ಬೆಚ್ಚಗಿರುತ್ತದೆ. ಐದು ಇಂಚಿನ ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ನೀವು ಮಲಗಿದ ಮೇಲೆ ಕಕ್ಕುತ್ತದೆ. ಇದಕ್ಕೆ ನಾನು ಹೇಳುವುದು ಫಿಲ್ಲರ್ ಸ್ಲ್ಯಾಬ್. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಕಂಬಿಗಳ ನಡುವಿನ ಆ ಜಾಗದಲ್ಲಿ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಕೂರಿಸಿದರೆ ನಡುವೆ ಗಾಳಿ ನಿಲ್ಲುತ್ತದೆ, ಕಾವು ಇಳಿಯುವುದು ನಿಧಾನವಾಗುತ್ತದೆ, ಸಿಮೆಂಟೂ ಉಳಿಯುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಇದನ್ನು ಬಡವರ ಮನೆಗಳಿಗೇ ಮಾಡಿ ತೋರಿಸಿದರು. ಅಷ್ಟೂ ಆಗದಿದ್ದರೆ ತಾರಸಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸಿ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳವರು ನೆತ್ತಿಯ ಮೇಲೆ ದಪ್ಪಗೆ ಮಣ್ಣು ಹೊತ್ತು ಬಾಳಿದ್ದೂ ಸುಮ್ಮನೆ ಅಲ್ಲ.

ಇನ್ನು ಇಟ್ಟಿಗೆ. ಇದು ಹೊಸ ಪದಾರ್ಥವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರಕ್ಕೆ ಕಡಿಮೆಯಿಲ್ಲದಂತೆ ನೀರುಣಿಸುವುದು. ಗೂಡಿಲ್ಲ, ಸೌದೆಯಿಲ್ಲ. ಸಿಮೆಂಟನ್ನು ಪೂರಾ ಬಿಟ್ಟಂತಾಗದಿದ್ದರೂ ಗೋಡೆಗೆ ಗಿಲಾವು ಬೇಡವಾಗುವುದರಿಂದ ಅದೂ ಉಳಿಯುತ್ತದೆ. ಲೋಕದ ಇಂಗಾಲದ ಹೊಗೆಯಲ್ಲಿ ನೂರಕ್ಕೆ ಸುಮಾರು ಏಳೆಂಟು ಪಾಲು ಸಿಮೆಂಟಿನದು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸುಣ್ಣದಕಲ್ಲು ಬೆಂದು ತಾನೇ ಬಿಡುವಂಥದ್ದು. ಕುಲುಮೆಗೆ ಎಂಥ ಶುದ್ಧ ಇಂಧನ ಹಾಕಿದರೂ ಆ ಪಾಲು ಹೋಗುವುದಿಲ್ಲ.

ಅಗ್ಗವೇ ಎಂದರೆ, ಮಣ್ಣು ನಿಮ್ಮದೇ ನಿವೇಶನದ್ದಾದರೆ ಹೌದು ಎನ್ನಬಹುದು. ಲಾರಿಯಲ್ಲಿ ತರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮಣ್ಣು ನೋಡದೆ ಒಮ್ಮೆ ನಾನೇ ಎಡವಿದ್ದೇನೆ. ಅವಸರದಲ್ಲಿ ಜೇಡಿ ಹೆಚ್ಚಿದ್ದ ಮಣ್ಣು ಒತ್ತಿಸಿದೆ, ನೀರುಣಿಸುವುದನ್ನು ಹತ್ತೇ ದಿನಕ್ಕೆ ನಿಲ್ಲಿಸಿದೆ. ಮೊದಲ ಜೋರು ಮಳೆಗೆ ಪಶ್ಚಿಮದ ಗೋಡೆಯ ಅಂಚುಗಳು ನೆನೆದ ರಸ್ಕಿನಂತೆ ಉದುರಿದವು. ಮೂರು ವರಸೆ ಬಿಚ್ಚಿಸಿ ನನ್ನ ಕೈಯಿಂದಲೇ ಕಟ್ಟಿಸಿಕೊಟ್ಟೆ. ಎರೆಮಣ್ಣಂತೂ ಬೇಡವೇ ಬೇಡ, ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಂಪು ಮಣ್ಣು ಒಳ್ಳೆಯದು. ಈಗಿನ ಮಳೆ ಒಂದೇ ಗಂಟೆಯಲ್ಲಿ ಸುರಿದು ಹೋಗುವಂಥದ್ದಾದ್ದರಿಂದ ಸಜ್ಜವನ್ನು ಎರಡಡಿಗೆ ಕಡಿಮೆ ಇಡಿಸಬೇಡಿ. ಗುತ್ತಿಗೆದಾರ ಒಂದೂವರೆ ಸಾಕು ಎನ್ನುತ್ತಾನೆ, ಕೇಳಬೇಡಿ. ಮಳೆನೀರು ಹಿಡಿಯುವ ಸಂಪಿಗೂ ನಕ್ಷೆಯಲ್ಲೇ ಜಾಗ ಬಿಡಿಸಿ. ಬೆಂಗಳೂರಿನಲ್ಲಿ 30×40ರ ಹೊಸ ಮನೆಗೆ 2009ರಿಂದಲೇ ಮಳೆಕೊಯ್ಲು ಕಡ್ಡಾಯ.

ಸದ್ಯಕ್ಕೆ ಇಷ್ಟು ಮಾಡಿ. ಪಾಯ ತೋಡುವಾಗ ಮೇಲಿನ ಒಂದಡಿ ಮಣ್ಣನ್ನು ಗಿಡಗಳಿಗೆಂದು ಬೇರೆ ಹಾಕಿಸಿ. ಅದರ ಕೆಳಗಿನದನ್ನು ಒಂದು ಗಾಜಿನ ಸೀಸೆಗೆ ಅರ್ಧದಷ್ಟು ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರುದಿನ ನೋಡಿದರೆ ಮರಳು ತಳದಲ್ಲಿ, ಜೇಡಿ ಮೇಲೆ ಪದರಪದರವಾಗಿ ಕೂತಿರುತ್ತದೆ. ಮೂರರಲ್ಲಿ ಎರಡು ಪಾಲು ಮರಳಿದ್ದರೆ ಆ ಮಣ್ಣನ್ನು ಟ್ರ್ಯಾಕ್ಟರಿನವನಿಗೆ ಕೊಟ್ಟು ಕಳಿಸಬೇಡಿ. ಸೀಸೆಯ ಚಿತ್ರ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.