ಎರಡು ಸಾಲು ಹೆಚ್ಚು ಕಂಡಿತು, ನಂಬರ್ ಇಳಿಯಿತೇ?

ಪ್ರಿಯ ಓದುಗರೇ,

ಮೂರು ತಿಂಗಳಿಂದ ಅಂಗೈಯಿಂದ ಕಣ್ಣು ಮುಚ್ಚಿ ಕೂರುತ್ತಿದ್ದೀರಿ, ಕಣ್ಣುಗುಡ್ಡೆ ತಿರುಗಿಸುತ್ತಿದ್ದೀರಿ, ಬೆಳಗಿನ ಸೂರ್ಯನನ್ನೂ ದಿಟ್ಟಿಸುತ್ತಿದ್ದೀರಿ. ಈಗ ಕನ್ನಡಕವಿಲ್ಲದೆ ಕಣ್ಣು ಪರೀಕ್ಷೆಯ ಅಕ್ಷರ ಫಲಕದಲ್ಲಿ ಎರಡು ಸಾಲು ಹೆಚ್ಚು ಓದುತ್ತೀರಂತೆ. ಮೈನಸ್ ಮೂರರ ಕನ್ನಡಕ ಬಿಡಬಹುದೇ, ಹನ್ನೊಂದರ ಮಗಳಿಗೂ ಇದನ್ನೇ ಕಲಿಸಲೇ ಎಂದು ಕೇಳಿದ್ದೀರಿ.

ಮೊದಲು ಸೂರ್ಯನ ವಿಷಯ. ಇವತ್ತೇ ನಿಲ್ಲಿಸಿ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಸುಟ್ಟರೆ ನೋವಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನೋಟದ ನಟ್ಟನಡುವೆ ಕಲೆ ಬಿದ್ದಿರುತ್ತದೆ.

ಎರಡು ಸಾಲು ಕಂಡದ್ದು ಸುಳ್ಳೆನ್ನಲಾರೆ. ಆದರೆ ದೂರದ್ದು ಮಸುಕಾಗುವ, ಮೈನಸ್ ನಂಬರಿನ ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯೇ ಉದ್ದವಾಗಿರುತ್ತದೆ. ದೊಡ್ಡವರ ಕಣ್ಣಿನ ಉದ್ದ ಸುಮಾರು 24 ಮಿ.ಮೀ. ಅದು ಒಂದು ಮಿ.ಮೀ. ಹೆಚ್ಚಿದರೆ ಎರಡೂವರೆ, ಮೂರು ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಮೈನಸ್. ಅಂದರೆ ನಿಮ್ಮ ನಂಬರಿನ ಹಿಂದಿರುವುದು ಹೆಚ್ಚುಕಡಿಮೆ ಅಷ್ಟೇ. ಬೆಳೆದ ಆ ಉದ್ದವನ್ನು ಯಾವ ವ್ಯಾಯಾಮವೂ ಕುಗ್ಗಿಸದು. ಮಸುಕನ್ನೇ ನೋಡುತ್ತಿದ್ದರೆ ಮಿದುಳು ಮಸುಕಿನಲ್ಲೇ ಅಕ್ಷರ ಹಿಡಿಯಲು ಕಲಿಯುತ್ತದೆ. ಅರಿಯದೆ ರೆಪ್ಪೆ ಕಿರಿದು ಮಾಡಿದರೂ ಅಕ್ಷರ ಚೂಪಾಗುತ್ತದೆ. ದಿನವೂ ಅದೇ ಫಲಕವಾದರೆ ಅರ್ಧ ಬಾಯಿಪಾಠ ಬೇರೆ! ಹೊಸದಾಗಿ ಪವರ್ ಪರೀಕ್ಷೆ ಮಾಡಿಸಿ, ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಿ.

ಈ ಅಭ್ಯಾಸಗಳನ್ನು ಪ್ರಚಾರಕ್ಕೆ ತಂದವರು ನ್ಯೂಯಾರ್ಕಿನ ನೇತ್ರವೈದ್ಯ ವಿಲಿಯಂ ಬೇಟ್ಸ್. 1920ರಲ್ಲಿ ಪುಸ್ತಕವನ್ನೇ ಬರೆದರು. ಗುಡ್ಡೆಯ ಸುತ್ತಲಿನ ಸ್ನಾಯುಗಳು ಅದರ ಆಕಾರ ಬದಲಿಸಿ ಫೋಕಸ್ ಮಾಡುತ್ತವೆ, ಒಳಗಿನ ಮಸೂರಕ್ಕೆ ಅದರಲ್ಲಿ ಪಾತ್ರವಿಲ್ಲ ಎಂಬುದು ಅವರ ವಾದ. ಮಸೂರವೇ ಉಬ್ಬಿ ಹತ್ತಿರದ್ದನ್ನು ಕಾಣಿಸುತ್ತದೆಂದು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲೇ ವಿವರಿಸಿದ್ದರು. ಅಡಿಪಾಯವೇ ಇಲ್ಲದ ಮೇಲೆ ಉಳಿದದ್ದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಗೈ ಮುಚ್ಚಿ ಕೂರುವುದರಿಂದ ದಣಿದ ಕಣ್ಣಿಗೆ ಹಾಯೆನಿಸುತ್ತದೆ, ಮಾಡಿಕೊಳ್ಳಿ.

ಹಾಗೆಂದು ಕಣ್ಣಿನ ವ್ಯಾಯಾಮವೆಲ್ಲ ಬುರುಡೆಯಲ್ಲ. ಓದುವಾಗ ಎರಡು ಕಣ್ಣೂ ಒಳಮುಖವಾಗಿ ಒಂದೇ ಬಿಂದುವಿನಲ್ಲಿ ಸೇರಬೇಕು. ಕೆಲವರಿಗೆ ಅದು ಕಷ್ಟ: ಅಕ್ಷರ ಎರಡಾಗುತ್ತದೆ, ಸಾಲು ತಪ್ಪುತ್ತದೆ, ತಲೆ ನೋಯುತ್ತದೆ. ಅಂಥ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ವಾರಗಳ ತರಬೇತಿ ಚೆನ್ನಾಗಿ ಫಲ ಕೊಟ್ಟಿತು. ಮನೆಯಲ್ಲಿ ಪೆನ್ಸಿಲ್ಲನ್ನು ಮೂಗಿನತ್ತ ತರುವುದಕ್ಕಿಂತ ತಜ್ಞರೆದುರಿನ ಅಭ್ಯಾಸವೇ ಮೇಲಾಯಿತು. ಇದರಿಂದ ಕಣ್ಣುಗಳ ಹೊಂದಾಣಿಕೆ ಸರಿಹೋಗುತ್ತದೆ, ನಂಬರ್ ಇಳಿಯುವುದಿಲ್ಲ.

ಮಗಳಿಗೆ ವ್ಯಾಯಾಮದ ಬದಲು ಬಯಲು ಕೊಡಿ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ. ಈಗಾಗಲೇ ಬಂದಿದ್ದರೆ ಪೂರ್ತಿ ಪವರಿನ ಕನ್ನಡಕ ಹಾಕಿಸಿ. ಅದರಿಂದ ಕಣ್ಣು ಸೋಮಾರಿಯಾಗುವುದಿಲ್ಲ. ನಂಬರಿನ ಏರಿಕೆ ತಗ್ಗಿಸಲು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಬೇಕೇ ಎಂದು ವೈದ್ಯರನ್ನು ಕೇಳಿ.

ಪರೀಕ್ಷೆಯಂತೂ ಮಸೂರವನ್ನು ಉಬ್ಬಿಸುವ ಒಳಗಿನ ಫೋಕಸ್ ಸ್ನಾಯು ಸಡಿಲಿಸುವ ಹನಿ ಹಾಕಿಯೇ ಆಗಲಿ. ಹತ್ತಿರದ್ದನ್ನೇ ನೋಡಿ ನೋಡಿ ಆ ಸ್ನಾಯು ಸೆಟೆದುಕೊಂಡರೆ ಇಲ್ಲದ ಮೈನಸ್ ಕಾಣಿಸುವುದುಂಟು. ವ್ಯಾಯಾಮದಿಂದ ಕನ್ನಡಕ ಹೋಯಿತೆನ್ನುವ ಕೆಲವು ಕಥೆಗಳು ಹುಟ್ಟುವುದೂ ಬಹುಶಃ ಇಲ್ಲಿಂದಲೇ.

— ಸಂ.