ಗೇಮ್ ಡಿಸೈನ್ ಕಲಿಸಿದರೆ ಹೈಸ್ಕೂಲ್ ಮಕ್ಕಳಿಗೆ ಎಂಜಿನಿಯರ್‌ಗಳ ಹಾಗೆ ಯೋಚಿಸಲು ಬರುತ್ತದಾ?

ಖಂಡಿತ ಬರುತ್ತದೆ. ಆದರೆ ಕಂಪ್ಯೂಟರಿನಿಂದ ಶುರು ಮಾಡಬೇಡಿ, ಚೌಕಾಬಾರದ ಮಣೆ ಸಾಕು. ನಾಲ್ಕು ಕವಡೆ ಎಸೆದರೆ 16 ಸಾಧ್ಯತೆ. ಕವಡೆ ಎರಡೂ ಮಗ್ಗುಲಿಗೆ ಸಮವಾಗಿ ಬೀಳುವುದಾದರೆ ಅದರಲ್ಲಿ ಎರಡು ಬೀಳುವುದು 6 ಸಲ. ನಾಲ್ಕೂ ಒಂದೇ ಮಗ್ಗುಲಿಗೆ ಬೀಳಬೇಕಾದ ಚೌಕ, ಬಾರ ಒಂದೊಂದೇ ಸಲ. ನಿಜವಾದ ಕವಡೆ ಹಾಗೆ ಬೀಳುತ್ತದಾ? ಮಕ್ಕಳೇ 100 ಸಲ ಎಸೆದು ಬರೆದಿಡಲಿ. ಲೆಕ್ಕಕ್ಕೂ ಕೈಯಲ್ಲಿರುವ ವಸ್ತುವಿಗೂ ಎಷ್ಟು ಅಂತರ ಅಂತ ಆ ಪಟ್ಟಿಯೇ ತೋರಿಸುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಪಾಠ.

ಆಮೇಲೆ ‘ಕಾಯಿ ಕಡಿದರೆ ಇನ್ನೊಂದು ಆಟ’ ಎಂಬ ನಿಯಮವೊಂದನ್ನೇ ತೆಗೆದು ಆಡಿಸಿ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಬೇಸರ ಬಂತು, ಗುರುತು ಹಾಕಿಕೊಳ್ಳಲಿ. ಎರಡು ನಿಯಮ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇಷ್ಟಾದ ಮೇಲೆ ಮಕ್ಕಳಿಗಾಗಿ ಇರುವ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದೇ ಆಟ ಕಟ್ಟಿಸಿ; ಅದು ಉಚಿತ.