ಬೀದರಿನ ಮುರುಮು ಹಾದಿಗೆ 120 ಮಿ.ಮೀ. ಏರ್ ಫೋರ್ಕ್ ಹಾಕಿಸಬಹುದೇ?

ನೀವು ಕೇಳಿದ್ದು ಇಷ್ಟು: 29 ಇಂಚಿನ ಚಕ್ರದ ಹಾರ್ಡ್‌ಟೇಲ್ (ಹಿಂದೆ ಶಾಕ್ ಇಲ್ಲದ) ಸೈಕಲ್, ಮುಂದೆ 80 ಮಿ.ಮೀ.ವರೆಗೆ ಕುಗ್ಗುವ ಸ್ಪ್ರಿಂಗ್ ಫೋರ್ಕ್, ನಿಮ್ಮ ತೂಕ 58 ಕೆ.ಜಿ. ಭಾನುವಾರ ಹೊನ್ನಿಕೇರಿ ಕಡೆ ಹೋಗಿ ಬಂದರೆ ಎರಡು ದಿನ ಮುಂಗೈ ಜೋಮು ಹಿಡಿದಿರುತ್ತದೆ. ಅದಕ್ಕೆ 120 ಮಿ.ಮೀ. ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ್ದು) ಹಾಕಿಸಬಹುದೇ ಅಂತ.

ಏರ್ ಫೋರ್ಕ್ ಹಾಕಿಸಿ, ಆದರೆ 120 ಬೇಡ, 100 ಸಾಕು. ನಾನೂ ಬೀದರಿನವನೇ. ಆರು ವರ್ಷದಿಂದ ಇದೇ ಕೆಂಪು ಮುರುಮಿನ ಮೇಲೆ ತುಳಿಯುತ್ತಿದ್ದೇನೆ, ಎರಡು ಫೋರ್ಕ್ ಬದಲಿಸಿದ್ದೇನೆ.

ಮೊದಲು ಒಂದು ಪರೀಕ್ಷೆ ಮಾಡಿ ನೋಡ್ರಿ. ಫೋರ್ಕಿನ ಮೇಲಿನ ಹೊಳೆಯುವ ಕೊಳವೆಗೆ, ಅಂದರೆ ಸ್ಟ್ಯಾಂಕ್ಷನ್‌ಗೆ, ಒಂದು ದಾರ ಬಿಗಿಯಾಗಿ ಸುತ್ತಿ ಕೆಳಗಿನ ರಬ್ಬರ್ ಸೀಲ್‌ಗೆ ತಾಗುವಂತೆ ಇಳಿಸಿ. ಗೋಡೆ ಹಿಡಿದುಕೊಂಡು ಸೈಕಲ್ ಏರಿ, ಪೆಡಲ್ ಮೇಲೆ ನಿಂತು, ಮೆಲ್ಲಗೆ ಇಳಿಯಿರಿ. ದಾರ ಸೀಲಿನಿಂದ ಎಷ್ಟು ಮೇಲೆ ಹೋಗಿದೆಯೋ ಅದೇ ನಿಮ್ಮ ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಫೋರ್ಕ್ ಕುಗ್ಗುವ ಅಳತೆ. ಅದು ಒಟ್ಟು ಪಯಣದ (ಫೋರ್ಕ್ ಪೂರ್ತಿ ಕುಗ್ಗಬಲ್ಲ ದೂರದ) 20ರಿಂದ 25 ಶೇಕಡಾ ಇರಬೇಕು, 80 ಮಿ.ಮೀ. ಫೋರ್ಕ್‌ನಲ್ಲಿ 16ರಿಂದ 20 ಮಿ.ಮೀ. ನಿಮ್ಮದರಲ್ಲಿ ಏಳೆಂಟು ಮಿ.ಮೀ. ಕೂಡ ಬರಲಿಕ್ಕಿಲ್ಲ ಎಂದು ನನ್ನ ಅಂದಾಜು. ಫೋರ್ಕ್ ಕೆಟ್ಟಿದೆ ಅಂತಲ್ಲ. ಕಂಪನಿಯವರು ಹಾಕಿಕೊಟ್ಟ ಸ್ಪ್ರಿಂಗ್ ನಿಮಗಿಂತ ಭಾರದವರಿಗೆ ಹೊಂದುವಂಥದ್ದು. ಮೇಲಿನ ಪ್ರಿಲೋಡ್ ತಿರುಗಣಿ ತಿರುವಿದರೂ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ, ಅದು ಎಲ್ಲಿಂದ ಒತ್ತಲು ಶುರುವಾಗಬೇಕು ಎಂಬುದಷ್ಟೇ ಬದಲಾಗುತ್ತದೆ. ಏರ್ ಫೋರ್ಕ್‌ನ ಲಾಭ ಇಲ್ಲೇ ಇದೆ: ನಿಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಿಕೊಳ್ಳಬಹುದು.

120 ಯಾಕೆ ಬೇಡ? ಫೋರ್ಕ್ 20 ಮಿ.ಮೀ. ಎತ್ತರವಾದರೆ ಹೆಡ್ ಟ್ಯೂಬಿನ (ಫೋರ್ಕ್ ಹಾಯುವ, ಫ್ರೇಮಿನ ಮುಂದಿನ ಕೊಳವೆಯ) ಕೋನ ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. 40 ಏರಿಸಿದರೆ 2 ಡಿಗ್ರಿ. ಏರು ಹಾದಿಯಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ, ಹ್ಯಾಂಡಲ್ ಸಡಿಲ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಿನ ಚಿಂತೆ ಫ್ರೇಮಿನದು. ಉದ್ದನೆಯ ಫೋರ್ಕ್ ಸನ್ನೆಗೋಲಿನ ಹಾಗೆ ಹೆಡ್ ಟ್ಯೂಬ್ ಮತ್ತು ಅಲ್ಲಿಂದ ಪೆಡಲ್ ಕಡೆ ಇಳಿಯುವ ಡೌನ್ ಟ್ಯೂಬ್ ಕೂಡುವ ಬೆಸುಗೆಯನ್ನು ಮೀಟುತ್ತದೆ. 80ಕ್ಕೆ ಮಾಡಿದ ಫ್ರೇಮಿಗೆ 100ರವರೆಗೆ ಹೋಗಬಹುದು, ಅದರಾಚೆ ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಅಳತೆ. ಬ್ರ್ಯಾಂಡ್ ಹುಡುಕುವುದಕ್ಕೂ ಮೊದಲು ಇದಾಗಬೇಕು. ಹೆಡ್ ಟ್ಯೂಬ್ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ ಇದ್ದು ಸಣ್ಣದಾಗಿದ್ದರೆ ನಿಮಗೆ ಬೇಕಾದ್ದು 28.6 ಮಿ.ಮೀ.ನ ನೇರ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹಾಯುವ, ಫೋರ್ಕಿನ ಮೇಲಿನ ಕೊಳವೆ). ಕೆಳಭಾಗ ಅಗಲವಾಗಿದ್ದರೆ ಟೇಪರ್ಡ್, ಕೆಳಗೆ ಒಂದೂವರೆ ಇಂಚು. ಒಂದೇ ದಪ್ಪ ಆದರೆ ಗಡುತರವಾಗಿದ್ದು ಒಳವ್ಯಾಸ 44 ಮಿ.ಮೀ. ಬಂದರೆ, ಕೆಳಗಿನ ಹೆಡ್‌ಸೆಟ್ ಕಪ್ (ಬೇರಿಂಗ್ ಕೂರುವ ಬಟ್ಟಲು) ಬದಲಿಸಿ ಟೇಪರ್ಡ್ ಕೂಡ ಕೂರಿಸಬಹುದು. ಆಮೇಲೆ ಚಕ್ರದ ಆಕ್ಸಲ್ ನೋಡಿ. ನಿಮ್ಮದು ಕ್ವಿಕ್ ರಿಲೀಸ್ (ಹಿಡಿ ತೆರೆದು ಬಿಚ್ಚುವ ತೆಳು ಅಚ್ಚು) ಇದ್ದು, ಹೊಸ ಫೋರ್ಕ್ 15 ಮಿ.ಮೀ. ಥ್ರೂ ಆಕ್ಸಲ್‌ನದಾದರೆ (ದಪ್ಪ ಅಚ್ಚಿನದು) ಹಬ್ ಬದಲಿಸಿ ಚಕ್ರ ಮತ್ತೆ ಕಟ್ಟಿಸಬೇಕಾದೀತು. ಅಗ್ಗಕ್ಕೆ ಸಿಕ್ಕ ಫೋರ್ಕ್ ಅಲ್ಲಿ ದುಬಾರಿಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸ್ಟೀರರ್ ಉದ್ದವನ್ನು ಟೇಪ್ ಇಟ್ಟು ತೋರಿಸಿದ ಫೋಟೊ ಕೇಳಿ. ನನ್ನ ಮೊದಲನೇ ಫೋರ್ಕ್ ಹೈದರಾಬಾದಿನಿಂದ ಬಸ್ಸಿನಲ್ಲಿ ತಂದದ್ದು. ಮನೆಗೆ ಬಂದು ಕೂರಿಸಿದರೆ ಸ್ಟೀರರ್ 15 ಮಿ.ಮೀ. ಗಿಡ್ಡ, ಹ್ಯಾಂಡಲ್ ಹಿಡಿಯುವ ಸ್ಟೆಮ್ ಕಚ್ಚಲು ಜಾಗವೇ ಇಲ್ಲ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಆದದ್ದನ್ನು ಬೆಳೆಸಲಾಗದು. ತಿಂಗಳುಗಟ್ಟಲೆ ಅದು ಮಂಚದ ಕೆಳಗಿತ್ತು.

ಯಾವ ಮಾದರಿ ಅಂದರೆ, ನೇರ ಸ್ಟೀರರ್ ಬೇಕಾದವರು ಸನ್‌ಟೂರ್‌ನ ಎಕ್ಸ್‌ಸಿಆರ್ ಏರ್ ಅಥವಾ ರೈಡನ್ ಹುಡುಕಬಹುದು. ರಾಕ್‌ಶಾಕ್ಸ್‌ನಲ್ಲಿ ಜೂಡಿಯ ಸ್ಟ್ಯಾಂಕ್ಷನ್ 30 ಮಿ.ಮೀ., ರೆಕಾನ್‌ನದು 32. ನಿಮ್ಮ ತೂಕಕ್ಕೆ ಜೂಡಿಯ ಏರ್ ಮಾದರಿ ಧಾರಾಳ ಸಾಕು. ಸನ್‌ಟೂರ್‌ನ ಸ್ಪ್ರಿಂಗ್ ಫೋರ್ಕ್ ಎಕ್ಸ್‌ಸಿಟಿಯಿಂದ ಎಕ್ಸ್‌ಸಿಎಂಗೆ ಮಾತ್ರ ಹೋಗಬೇಡಿ, ಅದೂ ಸ್ಪ್ರಿಂಗೇ. ಕೊಳ್ಳುವಾಗ ಟೈರಿಗೂ ಫೋರ್ಕಿನ ಕಮಾನಿಗೂ ನಡುವೆ ಬೆರಳು ಆಡುವಷ್ಟು ಜಾಗ ಇದೆಯೇ ನೋಡಿ. ಮಳೆಗಾಲದಲ್ಲಿ ಭಾಲ್ಕಿ, ಔರಾದ ಕಡೆಯ ಎರೆ ಹೊಲಕ್ಕೆ ಇಳಿದವರಿಗೆ ಇದರ ಬೆಲೆ ಗೊತ್ತು. ಕರಿ ಮಣ್ಣು ಕಮಾನಿನ ಕೆಳಗೆ ಕಚ್ಚಿಕೊಂಡು ಚಕ್ರವೇ ನಿಂತುಬಿಡುತ್ತದೆ.

ನಮ್ಮ ಕಡೆ ಫೋರ್ಕ್ ತಿನ್ನುವುದು ಗುಂಡಿಯಲ್ಲ, ಧೂಳು. ಕೋಟೆ ಕಟ್ಟಿದ್ದೂ ಈ ಕೆಂಪು ಕಲ್ಲಿನಲ್ಲೇ, ಅದರ ಕಂದಕ ಕಡಿದದ್ದೂ ಇದರಲ್ಲೇ. ಅದೇ ಕಲ್ಲು ಪುಡಿಯಾಗಿ ಹಾದಿಯಲ್ಲಿ ಬಿದ್ದಿದೆ. ಒಂದು ಸವಾರಿ ಮುಗಿಸಿ ಬಂದರೆ ಸೀಲಿನ ಮೇಲೆ ತುಕ್ಕುಬಣ್ಣದ ಉಂಗುರ ಕೂತಿರುತ್ತದೆ. ಒಣ ಬಟ್ಟೆಯಿಂದ ಆಗಲೇ ಒರೆಸಿ. ವಾಟರ್ ಸರ್ವೀಸ್ ಅಂಗಡಿಯ ಪೈಪು ಸೀಲಿಗೆ ಹಿಡಿಸಬೇಡಿ, ನೀರಿನ ಜೊತೆ ಧೂಳೂ ಒಳಗೆ ಹೋಗುತ್ತದೆ. ಸುಮಾರು 50 ಗಂಟೆ ಸವಾರಿಗೊಮ್ಮೆ ಕೆಳಗಿನ ಕಾಲುಗಳನ್ನು ಬಿಚ್ಚಿ ಎಣ್ಣೆ ಬದಲಿಸಬೇಕು. ಕಳೆದ ಮೇ ತಿಂಗಳಲ್ಲಿ ನಾನು ಬಿಚ್ಚಿದಾಗ ಬಟ್ಟಲಿಗೆ ಸುರಿದದ್ದು ಇಟ್ಟಿಗೆ ತೊಳೆದ ನೀರಿನಂತಿತ್ತು, ಒಳಗಿನ ಸ್ಪಂಜಿನ ಉಂಗುರ ಹಿಂಡಿದರೆ ಬೆರಳಿಗೆ ಸಣ್ಣ ಮರಳು ಹತ್ತಿತು. ಆದ್ದರಿಂದ ನಿಮ್ಮ ಮಾದರಿಯ ಸೀಲ್ ಕಿಟ್ ಹೈದರಾಬಾದಿನಲ್ಲಾದರೂ ಸಿಗುತ್ತದೆಯೇ ಎಂದು ಕೇಳಿಕೊಂಡೇ ಹಣ ಕೊಡಿ. ಎಷ್ಟೇ ಒಳ್ಳೆಯ ಫೋರ್ಕ್ ಆದರೂ ಸೀಲ್ ಸಿಗದಿದ್ದರೆ ಬೇಡವೇ ಬೇಡ.

ಜೊತೆಗೆ ಶಾಕ್ ಪಂಪ್ ಕೊಳ್ಳಿ. ಟೈರಿನ ಪಂಪಿನಿಂದ ಆಗದು, ಒಳಗೆ ಹಿಡಿಸುವ ಗಾಳಿ ತೀರಾ ಕಡಿಮೆ, ಒತ್ತಡ ಹೆಚ್ಚು. ಗಾಳಿಯನ್ನು ಸವಾರಿಯ ಹೊತ್ತಿನ ಬಿಸಿಗೇ ಹೊಂದಿಸಿ. ಬೆಳಗಿನ 20 ಡಿಗ್ರಿಯಲ್ಲಿ 80 ಪಿಎಸ್‌ಐ ತುಂಬಿದ್ದು 40 ಡಿಗ್ರಿ ಬಿಸಿಲಿಗೆ 86ರ ಹತ್ತಿರ ಏರುತ್ತದೆ, ನಿಮ್ಮಂಥ ಹಗುರ ಸವಾರರಿಗೆ ಅದು ಕೈಗೆ ಗೊತ್ತಾಗುತ್ತದೆ.

ಹಣ ಕೊಡುವ ಮೊದಲು ಮುಂದಿನ ಟೈರಿನ ಗಾಳಿಯನ್ನೂ ನೋಡಿ. ರಸ್ತೆಗೆ ಅಂತ 50 ಪಿಎಸ್‌ಐ ತುಂಬಿದ್ದರೆ 30ಕ್ಕೆ ಇಳಿಸಿ ಒಂದು ಭಾನುವಾರ ಹೋಗಿ ಬನ್ನಿ. ಅರ್ಧ ನೋವು ಅಲ್ಲೇ ಕಳೆದರೂ ಕಳೆದೀತು. ಹೆಡ್ ಟ್ಯೂಬಿನ ಮೇಲಿನ, ಕೆಳಗಿನ ಅಳತೆ, ಈಗಿನ ಸ್ಟೀರರ್ ಉದ್ದ, ದಾರದ ಸ್ಯಾಗ್ ಎಷ್ಟು ಬಂತು ಎಂಬುದನ್ನು ಇಲ್ಲೇ ಬರೆಯಿರಿ. ಯಾವುದು ಕೂರುತ್ತದೆ ಎಂದು ಆಗ ಖಚಿತವಾಗಿ ಹೇಳುತ್ತೇನೆ.